ನಿಂತು ಉಣ್ಣುವವರು

ಆ ಮನೆಯ ಊಟದ ಮೇಜಿಗೆ ಐದು ಕುರ್ಚಿ, ಮನೆಯಲ್ಲಿದ್ದವರೂ ಐದೇ ಜನ. ಆದರೂ ಒಂದು ಕುರ್ಚಿಯ ಮೇಲೆ ಮನುಷ್ಯರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹೊಲಿಗೆಗೆ ಬಂದ ಶಾಲೆಯ ಲಂಗಗಳು ಅಲ್ಲಿ ಕೂರುತ್ತಿದ್ದವು, ಒಗೆದು ತಂದ ಬಟ್ಟೆಯ ರಾಶಿ ಕೂರುತ್ತಿತ್ತು, ಲಂಗವೂ ಬಟ್ಟೆಯೂ ಇಲ್ಲದ ದಿನ ಪಕ್ಕದ ಮನೆಯ ಬೆಕ್ಕು ಬಂದು ಸ್ವಂತ ಆಸ್ತಿಯೆಂಬಂತೆ ಕೂರುತ್ತಿತ್ತು. ಕೂರಬೇಕಾದವನು ಮಾತ್ರ ಅಡುಗೆಮನೆಯಲ್ಲಿ ನಿಂತಿರುತ್ತಿದ್ದ.

ಲಂಗಗಳು ಮನೆಯ ಸೊಸೆಯ ಕಸುಬಿಗೆ ಸೇರಿದ್ದವು. ನಡುಮನೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಹಾಕಿಕೊಂಡು ಅರ್ಧ ಊರಿನ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಅವಳನ್ನು ಬೀದಿಯವರು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ವಿದ್ಯುತ್ ಇಲಾಖೆಯ ಲೈನ್‌ಮನ್. ಊರಿನ ಕಂಬಗಳನ್ನೆಲ್ಲ ಅಳಿಲಿನಂತೆ ಹತ್ತುತ್ತಿದ್ದ ಮಹಾನುಭಾವ, ಮನೆಯ ಬಚ್ಚಲಿನ ಬಲ್ಬು ಬದಲಿಸಬೇಕೆಂದರೆ ವಾರಗಟ್ಟಲೆ ಹೇಳಿಸಿಕೊಳ್ಳುತ್ತಿದ್ದ. ಮಾವ ಸೈನ್ಯದಿಂದ ಸಾರ್ಜೆಂಟ್ ಆಗಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ಬಾಯಿ ಮಾತ್ರ ಅಷ್ಟಾಗಿ ತೆರೆಯುತ್ತಿರಲಿಲ್ಲ. ಅವರ ಮೌನವನ್ನೆಲ್ಲ ಮೊಮ್ಮಗಳು ಸರಿದೂಗಿಸುತ್ತಿದ್ದಳು. ಟೈಲರಮ್ಮನ ಒಬ್ಬಳೇ ಮಗಳು, ಕಾಲೇಜು ಮುಗಿಸಿದ್ದಳು, ಮಾತಿಗೆ ನಿಂತರೆ ರೇಡಿಯೋ.

ಐದನೆಯವನು ಸೌಟುಮಾಮ. ಲೈನ್‌ಮನ್ ನಾಲ್ಕು ವರ್ಷದ ಮಗುವಾಗಿದ್ದಾಗ ಅವನ ತಾಯಿ ಜ್ವರ ಬಂದು ತೀರಿಕೊಂಡರು. ಮಾವ ರಜೆ ಹಾಕಿ ಎಲ್ಲೋ ಹೋಗಿ, ಮಗುವನ್ನು ನೋಡಿಕೊಳ್ಳಲೆಂದು ಒಬ್ಬ ಅಡುಗೆಯವನನ್ನು ಕರೆತಂದರು. ಒಂದು ಚೀಲ, ಒಂದು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದವನಿಗೆ ಮಗು ಅಂದೇ ಹೆಸರಿಟ್ಟಿತು. ಆ ಮಗುವಿಗೆ ಉಣ್ಣಿಸಿದ್ದು, ಶಾಲೆಗೆ ಹೊತ್ತುಕೊಂಡು ಹೋಗಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಅವನೇ. ಮುಂದೆ ಆ ಮಗುವಿನ ಮಗಳಿಗೂ ಅದನ್ನೇ ಮಾಡಿದ. ಅವಳ ಬಾಯಲ್ಲಿ ಸೌಟಜ್ಜನಾದ.

ಟೈಲರಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಅವನನ್ನು ಮೇಜಿಗೆ ಕರೆದಿದ್ದಳು.

"ಅಡುಗೆ ಮಾಡಿದೋನು ಎಲ್ಲರ ಜೊತೆ ಕೂತ್ರೆ ರುಚಿ ಕೆಡುತ್ತೆ ಕಣಮ್ಮ" ಎಂದು ನಕ್ಕು ತಪ್ಪಿಸಿಕೊಂಡಿದ್ದ. ಎಲ್ಲರೂ ಉಂಡೆದ್ದ ಮೇಲೆ ಒಲೆಯ ಪಕ್ಕದ ಕಟ್ಟೆಗೆ ತಟ್ಟೆಯಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದ. ಮಾವ ಅವನನ್ನು "ಅಡುಗೆಯವರೇ" ಎನ್ನುತ್ತಿದ್ದರು, ಅವನು ಅವರನ್ನು "ಸಾಹೇಬ್ರೇ" ಎನ್ನುತ್ತಿದ್ದ. ಪೇಟೆಗೆ ಹೊರಟರೆ ಮಾವ ಮುಂದೆ, ಅವನು ಚೀಲ ಹಿಡಿದು ರಸ್ತೆಯ ಆಚೆ ಬದಿಯಲ್ಲಿ. ಮನೆಯವರೆಲ್ಲರ ಬಟ್ಟೆ ಅವನೇ ಒಗೆದರೂ ಮಾವ ತಮ್ಮ ಅಂಗಿಯನ್ನು ಮುಟ್ಟಗೊಡುತ್ತಿರಲಿಲ್ಲ, ತಾವೇ ಒಗೆದುಕೊಳ್ಳುತ್ತಿದ್ದರು. ಇದೆಲ್ಲ ದೊಡ್ಡ ಹುದ್ದೆಯಲ್ಲಿದ್ದವರ ಜಂಬವೆಂದು ಟೈಲರಮ್ಮ ಒಳಗೊಳಗೇ ಮಾವನನ್ನು ಬೈದುಕೊಂಡೇ ಇಪ್ಪತ್ತೈದು ವರ್ಷ ಕಳೆದಿದ್ದಳು.

ಮಗಳು ಸೈನ್ಯದ ಸಂದೇಶ ವಿಭಾಗಕ್ಕೆ ಆಯ್ಕೆಯಾದಳು. ಆ ಸುದ್ದಿಯನ್ನು ಅವಳು ಊಟದ ನಡುವೆ ಹೇಳಿದಳು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ.

"ನುಂಗಿ ಮಾತಾಡು" ಎಂದಳು ಟೈಲರಮ್ಮ. ಹೆಮ್ಮೆಗೆ ಅವಳ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳಲು ಬೇರೆ ಮಾತು ಸಿಗಲಿಲ್ಲ.

"ಮುಂದಿನ ತಿಂಗಳು ಪ್ರಮಾಣವಚನ. ಮನೆಯವರೆಲ್ಲ ಬರಬಹುದು. ಅಲ್ಲೇ ಮೆಸ್ಸಲ್ಲಿ ಊಟ. ಊಟ ಆದ್ಮೇಲೆ ನೀವು ವಾಪಸ್, ನಾನು ತರಬೇತಿಗೆ ಅಲ್ಲೇ. ತಾತ, ನಿಮ್ಮ ಹಳೇ ರೆಜಿಮೆಂಟಿನ ಜಾಗವೇ ಅಂತೆ."

ಮಾವ ಸೂಪಿನ ಚಮಚವನ್ನು ತಟ್ಟೆಗಿಟ್ಟರು. "ಬೂಟಿನ ಲೇಸು ಗಟ್ಟಿಯಾಗಿ ಕಟ್ಟೋದು ಕಲಿತುಕೋ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಆಶೀರ್ವಾದ.

"ಒಬ್ಬೊಬ್ಬರಿಗೆ ಮೂರು ಜನ ಅಂತ ನಿಯಮ. ಅಮ್ಮ, ಅಪ್ಪ, ತಾತ ಆಯ್ತು. ಸೌಟಜ್ಜನಿಗೆ ಇನ್ನೊಂದು ಜಾಗ ಕೇಳ್ತೀನಿ."

ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತು. "ನಾನೂ ಬಂದ್ರೆ ಮನೆ ಕಾಯೋರು ಯಾರು, ಬೆಕ್ಕಾ?" ಎಂದ ಸೌಟುಮಾಮ ಒಳಗಿನಿಂದಲೇ.

"ಅಡುಗೆಯವರು ಬರೋದು ಬೇಡ" ಎಂದರು ಮಾವ.

"ಯಾಕೆ ತಾತ?"

"ಬೇಡ ಅಂದೆನಲ್ಲ."

ಮಗಳು ಮುಖ ಊದಿಸಿಕೊಂಡಳು. ಟೈಲರಮ್ಮನಿಗೆ ಮಾವನ ಮೇಲೆ ಇದ್ದ ಸಿಟ್ಟು ಇನ್ನೊಂದು ಗೇಣು ಬೆಳೆಯಿತು. ಎತ್ತಿ ಆಡಿಸಿದವನಿಗೆ ಮಗುವಿನ ದೊಡ್ಡ ದಿನ ನೋಡುವ ಭಾಗ್ಯವೂ ಬೇಡವೇ ಎಂದು ಬಟ್ಟಲುಗಳನ್ನು ಕೊಂಚ ಜೋರಾಗಿಯೇ ಎತ್ತಿಟ್ಟಳು.

ಮುಂದಿನ ಭಾನುವಾರ ಮಾವನ ಹಳೆಯ ಜೊತೆಗಾರರೊಬ್ಬರು ಬಂದರು. ರೆಜಿಮೆಂಟಿನ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವರು. ಊದುವ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮಾತು ಇನ್ನೂ ಮೈದಾನದಾಚೆಗೆ ಕೇಳಿಸುವಷ್ಟು ದೊಡ್ಡದು. ಮೊಮ್ಮಗಳು ಸೇರಿದ ಸುದ್ದಿ ಯಾರೋ ಹೇಳಿದರಂತೆ, ಹುಡುಕಿಕೊಂಡು ಬಂದಿದ್ದರು. ಮಾವನ ಬೆನ್ನು ತಟ್ಟಿದರು, ಲೈನ್‌ಮನ್ನನ ಕೈ ಕುಲುಕಿದರು, ಹೊಲಿಗೆ ಯಂತ್ರದ ಮುಂದಿನ ಸ್ಟೂಲು ಎಳೆದುಕೊಂಡು ಊಟಕ್ಕೆ ಕೂತೂ ಆಯಿತು. ಆಗ ಸೌಟುಮಾಮ ಸೂಪಿನ ಪಾತ್ರೆ ಹಿಡಿದು ಒಳಗಿನಿಂದ ಬಂದ.

ಕಹಳೆಯವರು ಕೂತಲ್ಲಿಂದ ಎದ್ದು ನಿಂತರು.

"ಕಾರ್ಪೊರಲ್" ಎಂದರು. ಆ ದೊಡ್ಡ ಗಂಟಲು ಅಷ್ಟು ಸಣ್ಣಗೆ ಮಾತಾಡಬಲ್ಲದೆಂದು ಯಾರೂ ಎಣಿಸಿರಲಿಲ್ಲ.

ಸೌಟುಮಾಮ ಪಾತ್ರೆಯನ್ನು ಮೇಜಿನ ಮೇಲಿಟ್ಟ. "ಸೂಪು ಆರುತ್ತೆ, ಕೂತ್ಕೊಳ್ಳಿ" ಎಂದು ಒಳಗೆ ತಿರುಗಿದ.

ಕಹಳೆಯವರು ಬಿಡಲಿಲ್ಲ. ಐದನೆಯ ಕುರ್ಚಿಯ ಮೇಲಿದ್ದ ಲಂಗಗಳನ್ನು ತೆಗೆದು ಯಂತ್ರದ ಮೇಲೆ ಹಾಕಿ, ಕುರ್ಚಿಯನ್ನು ದರದರನೆ ಎಳೆದು ಮಾವನ ಪಕ್ಕಕ್ಕೆ ಸೇರಿಸಿಟ್ಟರು. "ಇಲ್ಲಿ ಕೂರಯ್ಯ. ಇನ್ನೂ ಬೇರೆ ಬೇರೆ ಉಣ್ತಿದ್ದೀರೇನು ಇಬ್ಬರೂ? ಆ ಕಾನೂನು ಸತ್ತು ಮೂರು ವರ್ಷ ಆಯ್ತು. ಪ್ರಶ್ನೆ ಕೇಳಿದೋರೂ ಸತ್ತರು. ಇನ್ಯಾರಿಗೆ ಹೆದರ್ತೀರಿ?"

ಸೌಟುಮಾಮ ಕುರ್ಚಿಯನ್ನು ನೋಡಿದ, ಮಾವನನ್ನು ನೋಡಿದ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡ.

"ಯಾವ ಕಾನೂನು?" ಎಂದ ಲೈನ್‌ಮನ್.

ಕಹಳೆಯವರಿಗೆ ತಾವು ಎಡವಿದ್ದು ಆಗ ತಿಳಿಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದಾರೆಂದ ಮೇಲೆ ಮನೆಯವರಿಗೆ ಗೊತ್ತಿರಲೇಬೇಕೆಂದು ಆ ಬಡಪಾಯಿ ನಂಬಿದ್ದರು. ಮಾವನ ಮುಖ ನೋಡಿದರು. ಮಾವ, "ಬಾಯಿಂದ ಬಂದಾಯ್ತು. ಪೂರ್ತಿ ಹೇಳಿಬಿಡು" ಎಂದರು.

ಹೇಳಿದರು. ಆ ಕಾಲದಲ್ಲಿ ಸೈನ್ಯದಲ್ಲಿ ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಪ್ರೀತಿಸುವುದು ಅಪರಾಧ. ಯಾರಾದರೂ ಒಂದು ಮಾತು ಚಾಡಿ ಹೇಳಿದರೆ ಸಾಕು, ವಿಚಾರಣೆಯವರು ಬರುತ್ತಿದ್ದರು. ಮೆಸ್ಸಿನ ಉಗ್ರಾಣದಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

"ದೊಡ್ಡದೇನೂ ಕೇಳ್ತಿರಲಿಲ್ಲ. ಊಟಕ್ಕೆ ಯಾರ ಪಕ್ಕ ಯಾರು ಕೂರ್ತಾರೆ? ಇವನ ಅಂಗಿ ಅವನು ಒಗೀತಾನಾ? ದಾರೀಲಿ ನಡೆಯುವಾಗ ಜೊತೆಗೇ ನಡೀತಾರಾ? ಇಷ್ಟೇ. ಇದೇ ಸಾಕ್ಷಿ. ಆಸ್ಪತ್ರೆ ವಿಭಾಗದಲ್ಲಿ ಇಬ್ಬರು ನರ್ಸುಗಳು ಒಬ್ಬರಿಗೊಬ್ಬರು ತಲೆ ಬಾಚ್ತಿದ್ರು ಅಂತ ಇಬ್ಬರನ್ನೂ ಮನೆಗೆ ಕಳಿಸಿದ್ರು. ಆ ತಿಂಗಳು ಮೆಸ್ಸಲ್ಲಿ ಯಾರ ಪಕ್ಕ ಕೂರೋಕೂ ಜನಕ್ಕೆ ಭಯ. ಇಬ್ಬರ ಮಧ್ಯೆ ಒಂದು ಕುರ್ಚಿ ಬಿಟ್ಟು ಕೂರ್ತಿದ್ವಿ."

"ಆಮೇಲೆ?" ಎಂದಳು ಮಗಳು.

"ಆಮೇಲೆ ಇವರಿಬ್ಬರ ಹೆಸರು ಬಂತು. ಆಗ ಇಬ್ಬರೂ ಕಾರ್ಪೊರಲ್. ಈಗ ಅಡುಗೆಮನೆಗೆ ಹೋದನಲ್ಲ, ಅವನು ಉಗ್ರಾಣಕ್ಕೆ ಹೋಗಿ, ಎಲ್ಲಾ ನಂದೇ, ನಾನೇ ಅವನ ಹಿಂದೆ ಬಿದ್ದಿದ್ದೆ, ಅವನಿಗೆ ಏನೂ ಗೊತ್ತಿಲ್ಲ ಅಂದ. ಅವನನ್ನು ವಜಾ ಮಾಡಿದ್ರು. ನಮ್ಮನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಅವನ ತೋಳಿನ ಹುದ್ದೆಯ ಪಟ್ಟಿ ಕಿತ್ತರು."

ಟೈಲರಮ್ಮನಿಗೆ ಸೌಟುಮಾಮ ಚಳಿಯಲ್ಲಿ ಹಾಲು ತರಲು ಹೋಗುವಾಗ ತೊಡುವ ಹಳೆಯ ಕೋಟು ನೆನಪಾಯಿತು. ಬಣ್ಣ ಮಾಸಿದ ಕೋಟಿನ ಎರಡು ತೋಳಿನಲ್ಲೂ ಒಂದಿಷ್ಟು ಜಾಗ ಮಾತ್ರ ಮಾಸದೆ ಉಳಿದಿತ್ತು. ಅಲ್ಲಿ ಬಟ್ಟೆಯೂ ಸೀಳಿತ್ತು. ಹೊಲಿಗೆ ಬಲ್ಲವರು ಬಿಚ್ಚಿದ ಹಾಗಲ್ಲ, ಬ್ಲೇಡು ಹಾಕಿ ಎಳೆದ ಹಾಗೆ. ಒಮ್ಮೆ ತಾನೇ ಅದಕ್ಕೆ ರಫೂ ಮಾಡಿಕೊಟ್ಟಿದ್ದಳು. ಸಂತೆಯಲ್ಲಿ ಕೊಂಡ ಹಳೇ ಮಾಲೆಂದು ಅವನು ಹೇಳಿದ್ದನ್ನು ನಂಬಿಯೂ ಇದ್ದಳು.

"ಈಗ ವಜಾ ಆದೋರಿಗೆ ಪಟ್ಟಿ ವಾಪಸ್ ಕೊಡ್ತಿದ್ದಾರೆ. ಅವನೂ ಬಂದು ತಗೋಬಹುದು. ಅದನ್ನೇ ಹೇಳೋಣ ಅಂತ ಬಂದೆ" ಎಂದರು ಕಹಳೆಯವರು. ಸೂಪು ಆರಿ ಕೆನೆಗಟ್ಟಿತ್ತು. ಅದನ್ನು ಹಾಗೇ ಕುಡಿದು, ಬಂದಾಗ ಮಾಡಿದ ಗದ್ದಲದಲ್ಲಿ ಕಾಲುಭಾಗವನ್ನೂ ಮಾಡದೆ ಹೊರಟುಹೋದರು.

ಲೈನ್‌ಮನ್ ಅಂದು ಅರ್ಧಕ್ಕೇ ತಟ್ಟೆ ಬಿಟ್ಟೆದ್ದ. ಮರುದಿನದಿಂದ ಅವನ ಊಟ ಇಲಾಖೆಯ ಕ್ಯಾಂಟೀನಿನಲ್ಲಿ. ಸೌಟುಮಾಮ ಬೆಳಗ್ಗೆ ಎಂದಿನಂತೆ ಡಬ್ಬಿ ಕಟ್ಟಿ ಸೈಕಲ್ಲಿಗೆ ಸಿಕ್ಕಿಸುತ್ತಿದ್ದ, ಸಂಜೆ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮರಳುತ್ತಿತ್ತು. ಅವನು ಅದನ್ನು ತೊಳೆದು, ಮರುದಿನ ಮತ್ತೆ ಕಟ್ಟುತ್ತಿದ್ದ. ನೋಡಿ ನೋಡಿ ಟೈಲರಮ್ಮನಿಗೆ ರೇಗಿತು.

"ರೀ, ಅನ್ನದ ಮೇಲೆ ಯಾಕೆ ಸಿಟ್ಟು?"

"ಹಸಿವಿಲ್ಲ."

"ಕ್ಯಾಂಟೀನಲ್ಲಿ ಮಾತ್ರ ಆಗುತ್ತಾ ಹಸಿವು?"

ಅವನು ಬೂಟು ಕಳಚುತ್ತಾ ತಲೆ ತಗ್ಗಿಸಿಯೇ ಹೇಳಿದ: "ನಮ್ಮಮ್ಮನ ಮುಖ ನಂಗೆ ಸರಿಯಾಗಿ ನೆನಪಿಲ್ಲ ಕಣೇ. ಅಪ್ಪನಿಗೆ ಅವಳಂದ್ರೆ ತುಂಬಾ ಇಷ್ಟ ಇತ್ತು, ಅದಕ್ಕೇ ಇನ್ನೊಂದು ಮದುವೆ ಆಗಲಿಲ್ಲ ಅಂತ ನಂಬಿಕೊಂಡು ಬೆಳೆದೆ. ಅದೊಂದೇ ಇತ್ತು ನನ್ನ ಹತ್ರ. ಈಗ ಅದೂ ಸುಳ್ಳು. ಹಾಗಾದ್ರೆ ಅವಳು ಈ ಮನೇಲಿ ಏನಾಗಿದ್ಲು?"

ಟೈಲರಮ್ಮ ಅವನ ಬೂಟು ಎತ್ತಿ ಮೂಲೆಗಿಟ್ಟಳು. ಗಂಡನ ಮೇಲಿದ್ದ ಕೋಪ ಅರ್ಧ ಇಳಿದು ಅಲ್ಲಿ ಕನಿಕರ ಬಂದು ಕೂತಿತು. "ಅದನ್ನ ಕೇಳಬೇಕಾದೋರನ್ನ ಕೇಳಿ. ಡಬ್ಬಿ ಕಟ್ಟೋರೇನು ಮಾಡಿದ್ರು?" ಎಂದಷ್ಟೇ ಹೇಳಿದಳು.

ಮಗಳಿಗೆ ಮಾತ್ರ ಇದರಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವಂಥದ್ದೇನು ಎಂಬುದೇ ಅರ್ಥವಾಗಲಿಲ್ಲ. "ನಮ್ಮ ಜೊತೆ ಆಯ್ಕೆಯಾದೋರಲ್ಲಿ ಒಬ್ಬಳು ಅವಳ ಗೆಳತೀನ ಮೆಡಿಕಲ್ ಪರೀಕ್ಷೆಗೂ ಕರ್ಕೊಂಡು ಬಂದಿದ್ಲು. ಯಾರೂ ಏನೂ ಅನ್ನಲಿಲ್ಲ. ಇಬ್ಬರೂ ಒಂದೇ ತಟ್ಟೇಲಿ ತಿಂದ್ರು" ಎಂದು ಆಲೂಗಡ್ಡೆ ಸುಲಿಯುತ್ತಾ ಹೇಳಿದಳು.

ಈರುಳ್ಳಿ ಹೆಚ್ಚುತ್ತಿದ್ದ ಸೌಟುಮಾಮ, "ಒಂದೇ ತಟ್ಟೇಲಾ?" ಎಂದು ಎರಡು ಸಲ ಕೇಳಿದ.

ಅದಾದ ಒಂದೆರಡು ದಿನಕ್ಕೆ ಸೌಟುಮಾಮನಿಗೆ ಇದ್ದಕ್ಕಿದ್ದಂತೆ ಕಲಿಸುವ ಹುಚ್ಚು ಹಿಡಿಯಿತು. ಟೈಲರಮ್ಮ ಯಂತ್ರದ ಮುಂದೆ ಕೂತರೆ ಸಾಕು, "ಒಂದು ನಿಮಿಷ ಬಾಮ್ಮ ಇಲ್ಲಿ" ಎಂದು ಕರೆಯುತ್ತಿದ್ದ. ಒಲೆಯ ಎಡಗಡೆ ಉರಿ ತಿರುಚುವಾಗ ಹೀಗೆ ಒತ್ತಿ ಹಿಡಿಯಬೇಕು. ಕತ್ತಿ ಮಸೆಯುವ ಕಲ್ಲು ಇಲ್ಲಿದೆ. ಹಾಲಿನವನು ನೀರು ಬೆರೆಸಿದ ದಿನ ಮುಖ ನೋಡಿದರೇ ಗೊತ್ತಾಗುತ್ತದೆ, ವಿಪರೀತ ನಗುತ್ತಾನೆ.

"ಸಾಹೇಬ್ರಿಗೆ ಬಲಗಡೆ ದವಡೆ ಹಲ್ಲಿಲ್ಲ. ಬ್ರೆಡ್ಡಿನ ಅಂಚು ತೆಗೆದು ಕೊಡಬೇಕು. ತೆಗೆದದ್ದು ಅವರಿಗೆ ಗೊತ್ತಾಗಬಾರದು, ಬೇಜಾರು ಮಾಡ್ಕೋತಾರೆ. ಮೊಟ್ಟೆ ನೀರು ಕುದಿಯೋಕೆ ಶುರುವಾದಾಗಲೇ ಇಳಿಸಿ ಮುಚ್ಚಿಡು."

ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಎಲ್ಲಿಗೆ ಹೊರಟಿದ್ದೀರಿ?"

ಅವನು ಮೊಟ್ಟೆ ತೊಳೆಯುತ್ತಲೇ ಇದ್ದ. "ರೈಲ್ವೆ ಸ್ಟೇಷನ್ ಕ್ಯಾಂಟೀನು. ವಜಾ ಆದ್ಮೇಲೆ ಅಲ್ಲೇ ಇದ್ದೆ, ಸಾಹೇಬ್ರು ನನ್ನನ್ನ ಹುಡುಕಿಕೊಂಡು ಬಂದಿದ್ದೂ ಅಲ್ಲಿಗೇ. ಈಗಲೂ ಒಂದು ಮೂಲೆ ಕೊಡ್ತಾರೆ. ಮಗು ತರಬೇತಿಗೆ ಹೋಗಲಿ, ಆಮೇಲೆ."

"ಈ ವಯಸ್ಸಲ್ಲಿ?"

"ನಾನು ಸಾಕಿದ ಹುಡುಗ ನನ್ನ ಕೈಯ ಅನ್ನ ಮುಟ್ತಿಲ್ಲ. ಇನ್ನು ಈ ಅಡುಗೆಮನೇಲಿ ನಂಗೇನು ಕೆಲಸ, ಹೇಳು."

"ಮಾವ ಏನಂದ್ರು?"

"ಹೊರಡ್ತೀನಿ ಅಂದೆ. ತಲೆ ಆಡಿಸಿದ್ರು." ಮೊಟ್ಟೆಗಳನ್ನು ಒಂದೊಂದಾಗಿ ಒರೆಸಿ ಬುಟ್ಟಿಗಿಟ್ಟ. "ಅವರು ಮಾತಾಡೋರಲ್ಲ, ಬಿಡು. ಮಾತಾಡಬಾರದು ಅಂತ ಇಬ್ಬರೂ ಸೇರಿ ಮಾಡ್ಕೊಂಡ ನಿಯಮ. ಈ ಮನೆಗೆ ಬಂದ ದಿನವೇ ಮಾಡ್ಕೊಂಡ್ವಿ. ಪಕ್ಕ ಕೂರಬಾರದು, ಜೊತೆ ನಡೀಬಾರದು, ಬಟ್ಟೆ ಮುಟ್ಟಬಾರದು. ಸಾಹೇಬ್ರ ನೌಕರಿ ಇನ್ನೂ ಬಾಕಿ ಇತ್ತಲ್ಲ. ನೌಕರಿ ಮುಗೀತು, ರೂಢಿ ಹೋಗಲಿಲ್ಲ."

ಟೈಲರಮ್ಮನಿಗೆ ಅಳು ಬಂತು. ಇಪ್ಪತ್ತೈದು ವರ್ಷದಿಂದ ಕಣ್ಣೆದುರಿಗೇ ಇದ್ದದ್ದನ್ನು ಜಂಬವೆಂದು ಬೈದುಕೊಂಡಿದ್ದಳು. ಈರುಳ್ಳಿಯೂ ಇರಲಿಲ್ಲ ನೆಪ ಹೇಳಲು. "ಆ ಕೋಟಾದ್ರೂ ಕೊಡಿ. ಪಟ್ಟಿ ತರಿಸಿ ಹೊಲಿದುಕೊಡ್ತೀನಿ" ಎಂದಳು.

"ಹಾಲು ತರೋಕೆ ಪಟ್ಟಿ ಯಾಕಮ್ಮ? ಆ ಜಾಗ ಹಾಗೇ ಇರಲಿ. ಕಿತ್ತೋರು ಕಿತ್ತಿದ್ದು ಕಾಣಲಿ."

ಪ್ರಮಾಣವಚನಕ್ಕೆ ಮಾವನಿಗೆ ಹೊಸ ಕೋಟು ಬೇಕಿತ್ತು. ಮಧ್ಯಾಹ್ನ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಟೈಲರಮ್ಮ ಅಳತೆ ತೆಗೆದಳು. ಸುಮ್ಮನೆ ಕದಲದೆ ನಿಲ್ಲುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಭುಜದ ಮೇಲೆ ಟೇಪು ಹಿಡಿದುಕೊಂಡೇ ಅವಳು ಕೇಳಿಬಿಟ್ಟಳು.

"ಸೌಟುಮಾಮ ಹೋಗ್ತಿದ್ದಾರೆ. ಗೊತ್ತಲ್ಲ ಮಾವ?"

"ಗೊತ್ತು."

"ತಡೀಬಾರದಾ?"

"ಯಾವ ಬಾಯಲ್ಲಿ ತಡೀಲಿ?" ಮಾವ ಕಿಟಕಿಯಾಚೆ ನೋಡುತ್ತಿದ್ದರು. "ಅವತ್ತು ಮುಂದಿನ ಸಾಲಲ್ಲಿ ನಿಂತಿದ್ದೆ. ಬ್ಲೇಡಿನ ಸದ್ದು ಕೇಳಿಸ್ತಿತ್ತು. ಒಂದು ಹೆಜ್ಜೆ ಮುಂದೆ ಬಂದು ನಾನೂ ಇದ್ದೆ ಅನ್ನಬೇಕಿತ್ತು. ಬರಬೇಡ ಅಂತ ಹಿಂದಿನ ದಿನವೇ ಅವನು ಆಣೆ ಹಾಕಿಸಿಕೊಂಡಿದ್ದ. ಆಣೆ ಇದೆಯಲ್ಲ ಅಂತ ನಾನೂ ನಿಂತುಬಿಟ್ಟೆ. ನಿಲ್ಲೋಕೆ ನಂಗೂ ಅದು ಬೇಕಿತ್ತೇನೋ."

"ಅವತ್ತಿಂದು ಆಗಿಹೋಯ್ತು. ಇವತ್ತು ನಿಮ್ಮನ್ನ ಯಾರು ಹಿಡ್ಕೊಂಡಿದ್ದಾರೆ?"

ಸೊಸೆ ಹಾಗೆ ಎದುರು ನಿಂತು ಕೇಳಿದ್ದು ಅದೇ ಮೊದಲು. ಮಾವನ ಭುಜ ಟೇಪಿನಡಿ ಒಮ್ಮೆ ಕುಸಿದು ಮತ್ತೆ ನೆಟ್ಟಗಾಯಿತು. ಅವಳು ಮೊದಲಿನ ಅಳತೆ ಬಿಟ್ಟು ಇನ್ನೊಮ್ಮೆ ತೆಗೆಯಬೇಕಾಯಿತು.

ಆ ಸಂಜೆ ಲೈನ್‌ಮನ್ ತುಂಬಿದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈತೊಳೆಯಲು ಹೊರಟಾಗ ಮಾವ ಕರೆದರು.

"ಬಾ ಇಲ್ಲಿ. ಕೂತ್ಕೋ."

"ಏನಪ್ಪ?"

"ನಿಮ್ಮಮ್ಮನ ವಿಷಯ ಕೇಳಬೇಕು ಅಂತ ಇದ್ದೀಯ. ಕೇಳು."

ಲೈನ್‌ಮನ್ ಕೂರಲಿಲ್ಲ. "ಅವಳಿಗೆ ಗೊತ್ತಿತ್ತಾ?"

"ಇಲ್ಲ. ಹೇಳಲಿಲ್ಲ. ಅವನನ್ನ ವಜಾ ಮಾಡಿದ್ಮೇಲೆ ನನ್ನ ಮೇಲೂ ಕಣ್ಣಿತ್ತು. ಮದುವೆಯಾದ್ರೆ ಅನುಮಾನ ಹೋಗುತ್ತೆ ಅಂತ ಮನೆಯವರು ನೋಡಿದ ಹುಡುಗೀನ ಆದೆ. ಒಳ್ಳೆಯವಳು. ಚೆನ್ನಾಗಿ ಹಾಡ್ತಿದ್ಲು. ಹೊಡೆದಿಲ್ಲ, ಬೈದಿಲ್ಲ, ಆದರೆ ಮೋಸ ಮಾಡಿದೆ. ಈ ಮನುಷ್ಯ ಯಾಕೆ ಹೀಗಿದ್ದಾನೆ ಅಂತ ತಿಳೀದೇ ಹೋದ್ಲು. ಆ ತಪ್ಪು ನಂದು. ಅವಳು ಇರೋವರೆಗೂ ಅವನು ಈ ಕಡೆ ತಲೆ ಹಾಕಿಲ್ಲ, ಅವನೆಲ್ಲಿದ್ದಾನೆ ಅಂತ ನಂಗೂ ಗೊತ್ತಿರಲಿಲ್ಲ."

"ಇಷ್ಟು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ?" ಎಂದ ಲೈನ್‌ಮನ್.

"ಬೇಕಾಯ್ತು. ಬೈಯೋದಿದ್ರೆ ನನ್ನನ್ನ ಬೈ, ಕೇಳ್ತೀನಿ. ಅವನ ಡಬ್ಬಿ ವಾಪಸ್ ತರಬೇಡ."

ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಅಷ್ಟು ಉದ್ದದ ಮಾತನ್ನು ಮಾವ ಆಡಿದ್ದು ಆ ಮನೆಯ ಗೋಡೆಗಳಿಗೂ ಹೊಸದು. ಲೈನ್‌ಮನ್ ಬೈದ. ಜೋರಾಗಿ ಅಲ್ಲ, ನಿಧಾನವಾಗಿ, ಬಹಳ ಹೊತ್ತು ಬೈದ. ತಾಯಿಯ ಹಾಡಿನ ಬಗ್ಗೆ ಒಂದು ಸಲವಾದರೂ ಯಾಕೆ ಹೇಳಲಿಲ್ಲವೆಂದು ಕೇಳಿದ. ಮಾವ ಎಲ್ಲವನ್ನೂ ಕೇಳಿಸಿಕೊಂಡರು, ಎದ್ದುಹೋಗಲಿಲ್ಲ.

ಮರುದಿನ ಸಂಜೆ ಡಬ್ಬಿ ಖಾಲಿ ಬಂತು. "ಹುಡುಗರಿಗೆ ಹಂಚಿಬಿಟ್ಟೆ" ಎಂದ ಲೈನ್‌ಮನ್. ಅವನ ಅಂಗಿಯ ಮೇಲೆ ಆಲೂಗಡ್ಡೆಯ ಮಸಾಲೆ ಬಿದ್ದ ಕಲೆಯಿತ್ತು. ಟೈಲರಮ್ಮ ನೋಡಿಯೂ ನೋಡದವಳಂತೆ ಇದ್ದಳು. ಆದರೆ ಅವನು ಸೌಟುಮಾಮನ ಜೊತೆ ಮಾತಾಡಲಿಲ್ಲ, ಸೌಟುಮಾಮ ಚೀಲ ಕಟ್ಟುವುದನ್ನು ನಿಲ್ಲಿಸಲೂ ಇಲ್ಲ.

ಮಗಳು ನಾಲ್ಕನೆಯ ಜಾಗ ಗಿಟ್ಟಿಸಿಕೊಂಡೇ ಬಂದಳು. "ಯಾರು ಅಂದ್ರು. ಅಜ್ಜ ಅಂದೆ. ಆಗಲೇ ಒಬ್ಬ ಅಜ್ಜ ಇದ್ದಾರಲ್ಲ ಅಂದ್ರು. ಇವರು ಇನ್ನೊಬ್ಬ ಅಜ್ಜ ಅಂದೆ. ಬರ್ಕೊಂಡ್ರು."

"ಅಷ್ಟೇನಾ?" ಎಂದ ಸೌಟುಮಾಮ. "ಮತ್ತೇನೂ ಕೇಳಲಿಲ್ವಾ?"

"ಮಾಂಸ ತಿಂತಾರಾ ಅಂತ ಕೇಳಿದ್ರು."

ಸೌಟುಮಾಮ ನಕ್ಕ, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ಬರುತ್ತೇನೆಂದು ಒಪ್ಪಿದ. ಪಟ್ಟಿ ಗಿಟ್ಟಿ ಏನೂ ಬೇಡ, ಮಗು ಸಾಲಿನಲ್ಲಿ ನಿಂತದ್ದನ್ನು ನೋಡಿ ಅಲ್ಲಿಂದಲೇ ಸ್ಟೇಷನ್ನಿಗೆ ಹೋಗುತ್ತೇನೆ ಎಂದ. ಈ ಸಲ ಮಾವ ಬೇಡವೆನ್ನಲಿಲ್ಲ. ಹೋಗಬೇಡ ಎಂದೂ ಅನ್ನಲಿಲ್ಲ.

ಪ್ರಮಾಣವಚನದ ದಿನ ಬಿಸಿಲು ಹಿತವಾಗಿತ್ತು. ಮಗಳು ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು, ಬೂಟಿನ ಲೇಸು ಗಟ್ಟಿಯಾಗಿತ್ತು. ಅದೇ ಮೈದಾನ. ಮಾವ ಎದೆಗೆ ಪದಕ ಸಿಕ್ಕಿಸಿಕೊಂಡು ಮುಂದೆ ಕೂತಿದ್ದರು. ಸೌಟುಮಾಮ ಬಿಸಿಲಿದ್ದರೂ ಆ ಹಳೇ ಕೋಟನ್ನೇ ತೊಟ್ಟು, ಕಾಲ ಬಳಿ ಚೀಲವಿಟ್ಟುಕೊಂಡು ಕೊನೆಯ ಸಾಲಿನಲ್ಲಿದ್ದ. ಹುಡುಗಿಯರು ಕೈಯೆತ್ತಿ ಪ್ರಮಾಣ ಮಾಡುವಾಗ ಅವನ ತುಟಿಯೂ ಅಲುಗಾಡುತ್ತಿತ್ತು. ಆ ಮಾತುಗಳು ಅವನಿಗೆ ಇನ್ನೂ ಬಾಯಿಪಾಠವಿದ್ದವು.

ಊಟಕ್ಕೆ ಎಲ್ಲರೂ ಮೆಸ್ಸಿಗೆ ಹೋದರು. ಉದ್ದುದ್ದ ಮೇಜುಗಳು, ಒಂದೊಂದು ಮನೆಯವರಿಗೆ ಒಂದೊಂದು ಕಡೆ. ಮಗಳು ನಡುವೆ ಕೂತಳು, ಅವಳ ಎರಡು ಬದಿಗೆ ತಂದೆ ತಾಯಿ, ಎದುರಿಗೆ ಮಾವ. ಮಾವನ ಪಕ್ಕದ ಕುರ್ಚಿ ಖಾಲಿಯಿತ್ತು. ಸೌಟುಮಾಮ ಬಡಿಸುವ ಕಟ್ಟೆಯ ಹತ್ತಿರವೇ ನಿಂತುಬಿಟ್ಟಿದ್ದ, ತಟ್ಟೆ ಹಾಕಿಸಿಕೊಂಡು ಗೋಡೆಗೆ ಒರಗಿ.

"ಸೌಟಜ್ಜ, ಬಾ ಇಲ್ಲಿ" ಎಂದಳು ಮಗಳು.

"ನಂಗಿಲ್ಲೇ ಸರಿ" ಎಂದು ಕೈಯಾಡಿಸಿದ.

ಸುತ್ತಲಿನವರು ಉಣ್ಣಲು ಶುರುಮಾಡಿದ್ದರು. ಟೈಲರಮ್ಮ ತಟ್ಟೆ ಸರಿಸಿದಳು. ಇನ್ನೊಂದು ಗಂಟೆಗೆ ಆ ಮನುಷ್ಯ ಚೀಲವೆತ್ತಿಕೊಂಡು ಹೊರಡುತ್ತಾನೆ, ನಾಳೆ ಬೆಳಗ್ಗೆ ಒಲೆ ಹಚ್ಚುವವಳು ತಾನು. ಅವಳು ಮಾವನನ್ನೇ ನೋಡುತ್ತಿದ್ದಳು. ಮಾವ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು.

ಮಾವ ಎದ್ದರು. ತಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಉದ್ದನೆಯ ಕೋಣೆಯ ನಡುವೆ ನಡೆದರು. ಪದಕಗಳು ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಧಿಕಾರಿಗಳ ಮೇಜಿನವರು ತಲೆಯೆತ್ತಿದರು. ಮಾವ ಸೌಟುಮಾಮನ ಬಳಿ ಹೋಗಿ, ಅವನ ಭುಜಕ್ಕೆ ಭುಜ ತಗುಲುವಂತೆ ಪಕ್ಕದಲ್ಲಿ ನಿಂತು, ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು.

"ಸಾಹೇಬ್ರೇ, ಎಲ್ಲರೂ ನೋಡ್ತಿದ್ದಾರೆ" ಎಂದ ಸೌಟುಮಾಮ.

"ನೋಡಲಿ. ಅವತ್ತೇ ನೋಡಬೇಕಿತ್ತು." ಒಂದು ತುತ್ತು ತಿಂದರು. "ಉಪ್ಪಿಲ್ಲ ಇದಕ್ಕೆ."

"ಇಲ್ಲಿ ಯಾವತ್ತಿತ್ತು?"

"ಸಂಜೆ ಮನೆಗೆ ಹೋಗಿ ಸರಿಯಾಗಿ ಉಣ್ಣೋಣ. ನೀನು ಎಲ್ಲಿಗೂ ಹೋಗಬೇಡ."

ಇಬ್ಬರು ಮುದುಕರೂ ಗೋಡೆಗೆ ಒರಗಿ, ನಿಂತೇ, ಒಂದೊಂದು ತುತ್ತಾಗಿ ಉಣ್ಣತೊಡಗಿದರು.

ಲೈನ್‌ಮನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಅವನು ಸೀದಾ ಹೋಗಿ ಸೌಟುಮಾಮನ ಕಾಲ ಬಳಿಯಿದ್ದ ಚೀಲವನ್ನೆತ್ತಿಕೊಂಡು ಬಂದು ತನ್ನ ಕುರ್ಚಿಯ ಕೆಳಗೆ ತುರುಕಿದ. ಆಮೇಲೆ ಮಾವ ಕೂತಿದ್ದ ಕುರ್ಚಿ ಒಂದು ಕೈಯಲ್ಲಿ, ಅದರ ಪಕ್ಕದ ಖಾಲಿ ಕುರ್ಚಿ ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಮತ್ತೆ ಅಲ್ಲಿಗೆ ಹೋಗಿ, ಕಟ್ಟೆಯ ಮುಂದೆ ಒಂದಕ್ಕೊಂದು ಅಂಟಿಸಿ ಇಟ್ಟ.

"ಕೂತ್ಕೋ ಮಾಮ" ಎಂದ. "ಇಬ್ಬರಿಗೂ ಮಂಡಿನೋವು. ಸಂಜೆ ಎಣ್ಣೆ ತಿಕ್ಕೋನು ನಾನು."

ಅವರು ಕೂತರು. ಕೋಣೆಯ ತುಂಬ ಚಮಚಗಳ ಸದ್ದು ಮತ್ತೆ ಶುರುವಾಯಿತು.

ಸಂಜೆ ಮನೆಗೆ ಮರಳಿದ್ದು ನಾಲ್ವರು. ಟೈಲರಮ್ಮ ದೀಪ ಹಾಕಿದವಳೇ ಐದನೆಯ ಕುರ್ಚಿಯ ಮೇಲಿದ್ದ ಲಂಗಗಳನ್ನು ಎತ್ತಿ ಮಗಳ ಕುರ್ಚಿಯ ಮೇಲಿಟ್ಟಳು, ಖಾಲಿಯಾದ ಐದನೆಯದನ್ನು ಮಾವನ ಪಕ್ಕಕ್ಕೆ ಎಳೆದಳು. ಬೆಕ್ಕು ಬಂದು ತನ್ನ ಎಂದಿನ ಕುರ್ಚಿ ನೋಡಿತು. ಅಲ್ಲಿ ಆಗಲೇ ಸೌಟುಮಾಮ ಕೂತಿದ್ದ.